ನೆಲದಡಿಯ ಶಾಖಕ್ಕೂ ಲೆಕ್ಕ ಬೇಕು



ನೆದರ್ಲೆಂಡ್ಸ್ ದೇಶದಲ್ಲಿ ಕಚೇರಿ, ಆಸ್ಪತ್ರೆ ಮೊದಲಾದ ಕಟ್ಟಡಗಳಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಜೋಡಿಬಾವಿ ವ್ಯವಸ್ಥೆಗಳಿವೆ. ಬೇಸಿಗೆಯಲ್ಲಿ ತಣ್ಣನೆಯ ಬಾವಿಯ ನೀರು ಕಟ್ಟಡವನ್ನು ತಂಪಾಗಿಸಿ, ತಾನು ಬೆಚ್ಚಗಾಗಿ, ಇನ್ನೊಂದು ಬಾವಿಯ ಮೂಲಕ ನೆಲದಡಿಯ ಮರಳಿನ ಪದರವನ್ನು ಸೇರುತ್ತದೆ. ಚಳಿಗಾಲದಲ್ಲಿ ಅದೇ ನೀರನ್ನು ಮೇಲೆತ್ತಿ, ಹೀಟ್ ಪಂಪಿನ ನೆರವಿನಿಂದ ಕಟ್ಟಡವನ್ನು ಬೆಚ್ಚಗಿಡುತ್ತಾರೆ. ನೀರು ಖರ್ಚಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಅಷ್ಟೆ.

ಆದರೆ ಕಣ್ಣಿಗೆ ಕಾಣದ ಈ ಉಗ್ರಾಣವನ್ನು ನಂಬಿ ಕೂರುವಂತಿಲ್ಲ. ಎತ್ತಿದ, ಇಳಿಸಿದ ನೀರಿನ ಪ್ರಮಾಣವನ್ನೂ ಉಷ್ಣತೆಯನ್ನೂ ಅಳೆದು ಪ್ರಾಂತ್ಯದ ಆಡಳಿತಕ್ಕೆ ಒಪ್ಪಿಸಬೇಕು. ಇಳಿಸುವ ನೀರು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಐದು ವರ್ಷಕ್ಕೊಮ್ಮೆಯಾದರೂ ಹೆಚ್ಚುವರಿ ಶಾಖದ ಬಾಕಿ ತೀರಲೇಬೇಕೆಂದು 2013ರ ನಿಯಮ ವಿಧಿಸಿತು. ತಂಪಿಗಿಂತ ಶಾಖವೇ ಹೆಚ್ಚು ಇಳಿದರೆ ನೆಲವು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತದೆ, ನೆರೆಯವರ ತಣ್ಣನೆಯ ಬಾವಿಯೂ ಕೆಡುತ್ತದೆ. ನೀರಿನ ಗುಣ, ಅದರೊಳಗಿನ ಸೂಕ್ಷ್ಮಜೀವಿಗಳು ಬದಲಾಗುವ ಸಂಭವವೂ ಉಂಟು.

ಉಷ್ಣತಾಮಾಪಕ ಹಿಡಿದು ತೋಟದ ಮಣ್ಣಿನಲ್ಲಿ ಅಲೆಯುವ ನನಗೆ ಆ ಯಂತ್ರಕ್ಕಿಂತ ಈ ಲೆಕ್ಕದ ಪುಸ್ತಕವೇ ದೊಡ್ಡದೆನಿಸುತ್ತದೆ. ತೆಗೆದ ನೀರನ್ನು ಹಿಂದಿರುಗಿಸುವವನೂ ಅಲ್ಲಿ ಲೆಕ್ಕ ಕೊಡುತ್ತಾನೆ. ತೆಗೆದದ್ದನ್ನು ಹಿಂದಿರುಗಿಸದ ನಮ್ಮ ಕೊಳವೆಬಾವಿಗಳಲ್ಲಿ ಎಷ್ಟಕ್ಕೆ ಮಾಪಕವಿದೆ? ಇದ್ದವರು ದಯವಿಟ್ಟು ಕೈ ಎತ್ತಿರಿ. ನಾನಂತೂ ಎತ್ತಲಾರೆ.