ಗಾಯಕ್ಕೂ ಒಂದು ದಾಖಲೆ ಇರಲಿ

(ಲಕ್ಷ್ಮೇಶ್ವರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಸೀಮೆಗೆ ಚಳವಳಿ ಹೊಸದಲ್ಲ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗುಂಡಿಗೆ ಬಲಿಯಾದ ರೈತರನ್ನು ಇಲ್ಲಿಯ ಜನ ಪ್ರತಿವರ್ಷ ನೆನೆಯುತ್ತಾರೆ. ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನಮಾನ 2016ರಲ್ಲಿ ರದ್ದಾದಾಗ ಗದಗ ಜಿಲ್ಲೆಯ ಜನ ಬೀದಿಗಿಳಿದರು. 2017ರಲ್ಲಿ ಅದು ಮರಳಿ ಬಂದಿತು, 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಆದರೆ ಎಲ್ಲ ಹೋರಾಟಗಳೂ ಹೀಗೆ ಮುಗಿಯುವುದಿಲ್ಲ. 2016ರ ಜುಲೈ ಕೊನೆಯಲ್ಲಿ, ಮಹದಾಯಿ ನೀರಿನ ಹೋರಾಟದ ಹೊತ್ತಿನಲ್ಲಿ, ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ವೃದ್ಧರನ್ನೂ ಮಹಿಳೆಯರನ್ನೂ ಬಿಡಲಿಲ್ಲ.

ಲಾಠಿ ಏಟು ಬಿದ್ದ ದಿನ ಎಲ್ಲರ ಗಮನವೂ ಗಾಯಾಳುವಿನ ಮೇಲಿರುತ್ತದೆ. ಬಾಸುಂಡೆ ಮಾಯುತ್ತದೆ, ಪತ್ರಿಕೆಯ ಸುದ್ದಿ ಹಳತಾಗುತ್ತದೆ. ವರ್ಷದ ಬಳಿಕ ನ್ಯಾಯಾಲಯದ ಸಮನ್ಸ್ ಬಂದಾಗ ಪೆಟ್ಟು ತಿಂದವನೇ ಆರೋಪಿ. ಅವನು ಕಲ್ಲು ತೂರಿದನೆಂಬುದಕ್ಕೆ ಠಾಣೆಯಲ್ಲಿ ಕಾಗದವುಂಟು, ಅವನ ಮೂಳೆ ಮುರಿಯಿತೆಂಬುದಕ್ಕೆ ಎಲ್ಲಿಯೂ ಕಾಗದವಿಲ್ಲ. ಚಳವಳಿಗಾರನಿಗೆ ಕಾನೂನಿನ ನೆರವು ಬೇಕಾಗುವುದು ವಕೀಲರು ವಕಾಲತ್ತು ಹಾಕುವ ದಿನದಿಂದಲ್ಲ, ಗಾಯವಾದ ಗಳಿಗೆಯಿಂದಲೇ.

ಬರೆದಿಡದ ಗಾಯಕ್ಕೆ ನ್ಯಾಯವಿಲ್ಲ ಎಂಬ ಮಾತಿಗೆ ಪರಮಾಣು ಅಪಘಾತಗಳ ಚರಿತ್ರೆಯಷ್ಟು ದೊಡ್ಡ ಸಾಕ್ಷಿ ಬೇರೊಂದಿಲ್ಲ. ವಿಕಿರಣದ ಪೆಟ್ಟು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದನ್ನು ಅಳೆದು ಬರೆದಿಟ್ಟರೆ ಮಾತ್ರ ಉಂಟು, ಇಲ್ಲವಾದರೆ ಇಲ್ಲ. ಅಳತೆಯೂ ಬರಹವೂ ಬಹುಕಾಲ ಸ್ಥಾವರ ನಡೆಸುವವರ ಕೈಯಲ್ಲಿಯೇ ಉಳಿದವು.

1957ರ ಸೆಪ್ಟೆಂಬರ್ 29ರಂದು ಸೋವಿಯತ್ ದೇಶದ ಮಾಯಾಕ್ ಸ್ಥಾವರದಲ್ಲಿ ವಿಕಿರಣ ತ್ಯಾಜ್ಯದ ತೊಟ್ಟಿಯೊಂದು ಸಿಡಿಯಿತು. ಆ ಸರಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1989ರಲ್ಲಿ. ಅದೇ 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದಿತು. ಸುತ್ತಲಿನ ಸುಮಾರು 500 ಚದರ ಕಿಲೋಮೀಟರಿನ ಹಾಲನ್ನು ಚೆಲ್ಲಿಸಲಾಯಿತು, ಆದರೆ ತನಿಖೆಯ ಪೂರ್ಣ ವರದಿ ಜನರ ಕೈಸೇರಲು 1988ರವರೆಗೆ ಕಾಯಬೇಕಾಯಿತು. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡಿನಲ್ಲಿ ರಿಯಾಕ್ಟರಿನ ಇಂಧನ ಭಾಗಶಃ ಕರಗಿತು. 1986ರ ಏಪ್ರಿಲ್ 26ರ ನಡುರಾತ್ರಿಯ ಬಳಿಕ ಚೆರ್ನೋಬಿಲ್ ಸಿಡಿಯಿತು. ಪಕ್ಕದ ಪ್ರಿಪ್ಯಾತ್ ನಗರವನ್ನು ತೆರವುಗೊಳಿಸಿದ್ದು ಮರುದಿನ ಮಧ್ಯಾಹ್ನ. ಜಗತ್ತಿಗೆ ಸುಳಿವು ಸಿಕ್ಕಿದ್ದು ಏಪ್ರಿಲ್ 28ರಂದು, ಸ್ವೀಡನ್ನಿನ ಸ್ಥಾವರವೊಂದರ ಮಾಪಕಗಳು ಎಚ್ಚರಿಕೆ ನೀಡಿದಾಗ.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಜಪಾನಿನ ಫುಕುಶಿಮಾದಲ್ಲಿ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಅಲ್ಲಿಯ ಸಂತ್ರಸ್ತರು ಕೈಕಟ್ಟಿ ಕೂರಲಿಲ್ಲ. ತಾವು ತೊರೆದ ಮನೆ, ಕಳೆದುಕೊಂಡ ಹೊಲ, ಕಡಿದುಹೋದ ಬಾಳು, ಎಲ್ಲವನ್ನೂ ಬರೆದುಕೊಂಡು ಗುಂಪು ಗುಂಪಾಗಿ ನ್ಯಾಯಾಲಯಗಳ ಮೆಟ್ಟಿಲೇರಿದರು. 2022ರ ಮಾರ್ಚಿನಲ್ಲಿ ಸುಮಾರು 3,700 ಮಂದಿಗೆ ಕಂಪನಿ ಪರಿಹಾರ ಕೊಡಬೇಕೆಂಬ ತೀರ್ಪುಗಳು ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅಂತಿಮವಾದವು. ಅದೇ ವರ್ಷದ ಜೂನಿನಲ್ಲಿ ಆ ನ್ಯಾಯಾಲಯವೇ ಸರಕಾರ ಹೊಣೆಯಲ್ಲವೆಂದು ಹೇಳಿತು. ಗೆಲುವು ಅರ್ಧ. ದಾಖಲೆ ಇಲ್ಲದಿದ್ದರೆ ಆ ಅರ್ಧವೂ ಇರುತ್ತಿರಲಿಲ್ಲ.

ಇನ್ನು ಹತ್ತಿರದ ಕೈಗಾಕ್ಕೆ ಬರೋಣ. ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ದಂಡೆಯ ಕಾಡಿನ ನಡುವೆ ಈ ಸ್ಥಾವರವಿದೆ. ಅದರ ವಿದ್ಯುತ್ತು ಧಾರವಾಡದ ಬಳಿಯ ನರೇಂದ್ರದ ಕೇಂದ್ರಕ್ಕೂ ಹರಿದುಬರುವುದರಿಂದ ಬಯಲುಸೀಮೆಗೂ ಆ ಕಾಡಿನ ಋಣವಿದೆ. ಸಹ್ಯಾದ್ರಿಯ ಜನ 1980ರ ದಶಕದಲ್ಲಿಯೇ ಯೋಜನೆಯನ್ನು ವಿರೋಧಿಸಿದರು. ಕುಸುಮಾ ಸೊರಬ ಅವರಂಥವರು ಊರೂರು ತಿರುಗಿ ಜನರನ್ನು ಎಚ್ಚರಿಸಿದರು. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಈ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು. ಚುನಾವಣೆಯಲ್ಲಿ ಸೋತರು, ಪ್ರಶ್ನೆ ಸೋಲಲಿಲ್ಲ.

1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿದ್ದ ಕೈಗಾದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿಬಿದ್ದಿತು. ಕಾರ್ಮಿಕರು ಗಾಯಗೊಂಡರು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯ ಒದಗಲಿಲ್ಲ. ಅಪಘಾತದ ಹೊತ್ತಿಗೆ ವಿಕಿರಣವನ್ನು ಒಳಗೇ ತಡೆದಿಡಬೇಕಾದದ್ದು ಅದೇ ಗುಮ್ಮಟ ಎಂಬುದನ್ನು ಮರೆಯಲಾಗದು. ಬಳಿಕ ವಿನ್ಯಾಸ ಬದಲಿಸಿ ಮತ್ತೆ ಕಟ್ಟಲಾಯಿತು.

2009ರ ನವೆಂಬರಿನಲ್ಲಿ ಕೈಗಾದ ಹಲವು ಕಾರ್ಮಿಕರ ಮೂತ್ರದಲ್ಲಿ ಟ್ರಿಷಿಯಂ ಅಂಶ ಹೆಚ್ಚಿರುವುದು ಕಂಡುಬಂದಿತು. ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಷಿಯಂಯುಕ್ತ ಭಾರಜಲ ಬೆರೆಸಿದ್ದಾರೆಂದು ಪರಮಾಣು ಇಲಾಖೆಯೇ ಹೇಳಿತು. ಈ ಸಂಗತಿ ಹೊರಬಿದ್ದದ್ದು ಹೇಗೆ? ಕಾರ್ಮಿಕರ ಮೂತ್ರವನ್ನು ಆಗಾಗ ಪರೀಕ್ಷಿಸಿ ಬರೆದಿಡುವ ನಿಯಮ ಅಲ್ಲಿದ್ದುದರಿಂದ. ದೇಹ ಸೇರಿದ ಟ್ರಿಷಿಯಂನಲ್ಲಿ ಅರ್ಧಭಾಗ ಸುಮಾರು ಹತ್ತು ದಿನಗಳಲ್ಲಿ ಹೊರಹೋಗುತ್ತದೆ. ಪರೀಕ್ಷೆ ತಿಂಗಳುಗಟ್ಟಲೆ ತಡವಾಗಿದ್ದರೆ ಸಾಕ್ಷಿಯೂ ಮೂತ್ರದೊಡನೆ ಹರಿದುಹೋಗುತ್ತಿತ್ತು. ಲಾಠಿಯ ಬಾಸುಂಡೆಯೂ ಹಾಗೆಯೇ.

ಸ್ಥಾವರವನ್ನು ಪ್ರಶ್ನಿಸಿ ಬೀದಿಗಿಳಿದವರ ಮೈಮೇಲೆ ಏನು ನಡೆಯಬಹುದೆಂಬುದನ್ನು ತಮಿಳುನಾಡಿನ ಕೂಡಂಕುಳಂ ತೋರಿಸಿತು. 2012ರ ಸೆಪ್ಟೆಂಬರ್ 10ರಂದು ಕಡಲದಂಡೆಯಲ್ಲಿ ನೆರೆದಿದ್ದ ಜನರ ಮೇಲೆ ಅಶ್ರುವಾಯು ಸಿಡಿಯಿತು, ಲಾಠಿ ಬೀಸಿತು. ಅದೇ ದಿನ ಮಣಪ್ಪಾಡಿನಲ್ಲಿ ಮೀನುಗಾರರೊಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಸಾವಿರಾರು ಜನರ ಮೇಲೆ ದೇಶದ್ರೋಹದಂಥ ಆರೋಪಗಳು ಬಿದ್ದವು. 2013ರ ಮೇ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಅನುಮತಿ ನೀಡಿತಾದರೂ, ಚಳವಳಿಗಾರರ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಹಿಂಪಡೆಯಲು ಯತ್ನಿಸಬೇಕೆಂದೂ ಸೂಚಿಸಿತು.

ಕಾನೂನು ಗಾಯಾಳುವಿನ ಪಾಲಿಗೆ ಬರಿಗೈಯಲ್ಲ. ದೆಹಲಿಯ ರಾಮಲೀಲಾ ಮೈದಾನದಲ್ಲಿ 2011ರ ಜೂನಿನಲ್ಲಿ ಮಲಗಿದ್ದ ಜನರ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯನ್ನು ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. 2012ರ ಫೆಬ್ರವರಿಯಲ್ಲಿ ಮೃತರ ಕುಟುಂಬಕ್ಕೆ 5 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ, ಸಣ್ಣಪುಟ್ಟ ಗಾಯಗಳಾದವರಿಗೆ 25 ಸಾವಿರ ರೂಪಾಯಿ ಪರಿಹಾರ ವಿಧಿಸಿತು. ಸಂಘಟಕರದೂ ಅಲಕ್ಷ್ಯವಿದೆಯೆಂದು ಪರಿಹಾರದ ಕಾಲುಭಾಗವನ್ನು ಅವರ ಮೇಲೆಯೇ ಹೊರಿಸಿತು. ಸಭೆ ಕರೆಯುವವರು ಇದನ್ನು ನೆನಪಿನಲ್ಲಿಡಬೇಕು. 2016ರ ಅನಿತಾ ಠಾಕೂರ್ ಪ್ರಕರಣದಲ್ಲಿಯೂ, ಗುಂಪು ಹತೋಟಿಗೆ ಬಂದ ಮೇಲೂ ಹೊಡೆದದ್ದು ಮಿತಿಮೀರಿದ ಬಲಪ್ರಯೋಗವೆಂದು ಹೇಳಿ ನ್ಯಾಯಾಲಯ ಪರಿಹಾರ ಕೊಡಿಸಿತು. ಈ ಎರಡು ಪ್ರಕರಣಗಳಲ್ಲಿಯೂ ನ್ಯಾಯಾಧೀಶರ ಮುಂದೆ ಏನು ನಡೆಯಿತೆಂಬುದರ ದಾಖಲೆಗಳಿದ್ದವು.

ಆದುದರಿಂದ ಮಾಡಬೇಕಾದದ್ದು ಇಷ್ಟು. ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಪ್ರಕರಣವೆಂಬ ನೆವದಿಂದ ಯಾವ ವೈದ್ಯರೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿಯೇ ಹೇಳಿದೆ. ಬಿದ್ದು ಆದ ಗಾಯವೆಂದು ಬರೆಸದೆ, ಯಾರಿಂದ, ಯಾವುದರಿಂದ, ಎಷ್ಟು ಗಂಟೆಗೆ ಆಯಿತೆಂಬುದನ್ನು ಎಂ.ಎಲ್.ಸಿ. ರಿಜಿಸ್ಟರಿನಲ್ಲಿ ಬರೆಸಬೇಕು. ಗಾಯದ ಛಾಯಾಚಿತ್ರ ತೆಗೆದಿಡಬೇಕು. ದೂರು ಲಿಖಿತವಾಗಿರಬೇಕು, ಅದಕ್ಕೆ ಸ್ವೀಕೃತಿ ಪಡೆಯಬೇಕು. ಠಾಣೆಯವರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೆಯ ಕಲಮಿನಂತೆ ಬಂಧಿತನ ವೈದ್ಯಕೀಯ ತಪಾಸಣೆ ನಡೆಯಲೇಬೇಕು, ವರದಿಯ ಪ್ರತಿಯನ್ನು ಅವನಿಗೆ ಕೊಡಲೇಬೇಕು. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅಂಜದೆ ಗಾಯವನ್ನು ತೋರಿಸಬೇಕು. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವುದಾದರೆ ಒಂದು ವರ್ಷದೊಳಗೆ ಕೊಡಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಕೈಗಾರಿಕಾ ದುರಂತದ ಸಂತ್ರಸ್ತರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಬಡವರಿಗೂ ಈ ನೆರವುಂಟು. ಗದಗಿನ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದರೆ ಸಾಕು.

ಮಾಯಾಕ್‌ನ ಸುತ್ತಲಿನ ಜನ ತಮಗಾದ ಪೆಟ್ಟಿನ ಹೆಸರನ್ನು ಕೇಳಲು ಮೂವತ್ತೆರಡು ವರ್ಷ ಕಾದರು. ಇಲ್ಲಿಯವರು ಅಷ್ಟು ಕಾಯಬೇಕಾಗಿಲ್ಲ. ಮುಂದಿನ ಜಾಥಾ ಹೊರಡುವಾಗ ಧ್ವಜ ಹಿಡಿಯುವವರೊಡನೆ ಒಂದು ನೋಟುಪುಸ್ತಕ ಹಿಡಿದವರೂ ಇರಲಿ. ಗಾಯವಾದವರ ಹೆಸರು, ಹೊತ್ತು, ಸ್ಥಳ ಅದರಲ್ಲಿ ಅಂದೇ ದಾಖಲಾಗಲಿ.