ಏರುವ ಯಂತ್ರಕ್ಕೆ ನಿಲ್ಲುವ ಗುಣ



ಮೇಲಕ್ಕೇರಬೇಕೆಂಬ ಇಚ್ಛೆಯು ಸರ್ವರಲ್ಲಿಯೂ ಸಹಜವಾಗಿರುವುದು. ಏರಿದ ಎಡೆಯಿಂದ ಜಾರದಿರುವ ಉಪಾಯವನ್ನು ಮುಂಚಿತವಾಗಿ ಯೋಚಿಸುವವರಾದರೋ ವಿರಳರು. ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿಗಳ ತಾಂತ್ರಿಕ ವಿದ್ಯಾಲಯಗಳಲ್ಲಿ ಓದುವ ಭಕ್ತರ ಮಕ್ಕಳು ಈ ಮಾತನ್ನು ವಿಶೇಷವಾಗಿ ಮನನಮಾಡತಕ್ಕದ್ದು.

ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟವು 2002ನೆಯ ಇಸವಿಯಲ್ಲಿ ಟೋಕಿಯೋ ನಗರದಲ್ಲಿ ಆರಂಭಿಸಿದ ‘ರೋಬೋಕಾನ್’ ಎಂಬ ವಿದ್ಯಾರ್ಥಿ ಸ್ಪರ್ಧೆಯುಂಟು. ವಿದ್ಯಾರ್ಥಿಗಳು ತಾವೇ ರಚಿಸಿದ ಯಂತ್ರಗಳನ್ನು ಅಲ್ಲಿ ಕಣಕ್ಕಿಳಿಸುವರು. 2014ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆ ಸ್ಪರ್ಧೆಯು ಪುಣೆಯಲ್ಲಿ ಜರುಗಿತು. ಆ ವರ್ಷದ ವಿಷಯವು ಮಾತಾಪಿತೃವಂದನೆ. ದೊಡ್ಡ ಯಂತ್ರವೊಂದು ಪಾಲಕನ ಸ್ಥಾನದಲ್ಲಿ, ಚಿಕ್ಕದೊಂದು ಶಿಶುವಿನ ಸ್ಥಾನದಲ್ಲಿ. ಪಾಲಕಯಂತ್ರವು ಶಿಶುಯಂತ್ರವನ್ನು ಎತ್ತಿಕೊಂಡು ಹೋಗಿ ಏರಿಳಿತದ ಹಲಗೆ, ಜೋಕಾಲಿ ಮೊದಲಾದ ಆಟಗಳನ್ನು ಆಡಿಸುವುದು. ಕಡೆಯಲ್ಲಿ ಏಣಿಯಂಥ ಚೌಕಟ್ಟನ್ನು ಶಿಶುವು ಸ್ವಶಕ್ತಿಯಿಂದಲೇ ಏರತಕ್ಕದ್ದು. ಆಟಕ್ಕಿರುವ ಅವಧಿಯು 3 ನಿಮಿಷ. ಎಲ್ಲವನ್ನೂ ಸಾಧಿಸಿದ ಪೂರ್ಣವಿಜಯಕ್ಕೆ ‘ಶಹಬಾಸ್’ ಎಂಬ ನಮ್ಮ ನಾಡವರೆಲ್ಲರೂ ಬಲ್ಲ ಹೆಸರನ್ನೇ ಇಟ್ಟಿದ್ದರು.

ಇಂಥ ಯಂತ್ರಕ್ಕೆ ಮೂರು ಅಂಗಗಳು ಅವಶ್ಯ: ಹಿಡಿಯುವುದು, ಎತ್ತುವುದು, ತಡೆಯುವುದು.

ಹಿಡಿಯುವ ರೀತಿಯನ್ನು ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಏರುವವರಿಂದ ಕಲಿಯಬಹುದು. ಅವರು ಒಂದು ಕೈಯನ್ನೋ ಕಾಲನ್ನೋ ಸರಿಸುವಾಗ ಉಳಿದ ಮೂರನ್ನೂ ಭದ್ರವಾಗಿ ಊರಿರುವರು. ಅದರಂತೆ ಯಂತ್ರದ ಮೇಲಿನ ಕೊಕ್ಕೆಯು ಮೆಟ್ಟಿಲನ್ನು ಹಿಡಿದು ಭಾರವನ್ನು ಹೊತ್ತ ಬಳಿಕವೇ ಕೆಳಗಿನ ಕೊಕ್ಕೆಯು ಬಿಡಬೇಕು. ಯಂತ್ರದ ಭಾರಕೇಂದ್ರವು ಏಣಿಯಿಂದ ಹೊರಚಾಚಿದಷ್ಟೂ ಅದು ಹಿಂದಕ್ಕೆ ವಾಲುವುದು. ಆದಕಾರಣ ಭಾರವಾದ ಭಾಗಗಳು ಏಣಿಯ ಸಮೀಪದಲ್ಲಿರುವುದು ಲೇಸು.

ಎತ್ತುವುದಕ್ಕೆ ಹಗ್ಗ ಸುತ್ತುವ ಉರುಳೆಯನ್ನು ಮೋಟಾರಿಗೆ ಜೋಡಿಸುವುದುಂಟು. 10 ಕಿಲೋಗ್ರಾಂ ತೂಕದ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಉರುಳೆಯ ತ್ರಿಜ್ಯವು 5 ಸೆಂಟಿಮೀಟರಾದರೆ ಒಂದು ಸುತ್ತಿಗೆ ಸುಮಾರು 31 ಸೆಂಟಿಮೀಟರು ಏರುವುದು. 2 ಸೆಂಟಿಮೀಟರಾದರೆ ಸುಮಾರು 12½ ಮಾತ್ರ. ಆದರೆ ಉರುಳೆಯನ್ನು ತಿರುಗಿಸಲು ಬೇಕಾಗುವ ಬಲವು ಮೊದಲನೆಯದರ ಐದರಲ್ಲೆರಡು ಪಾಲಿಗೆ ಇಳಿಯುವುದು. ವೇಗವನ್ನು ಬಯಸಿದವನು ಬಲವನ್ನು ತೆರಬೇಕು. ಬಲವನ್ನು ಉಳಿಸಿದವನು ಕಾಲವನ್ನು ತೆರಬೇಕು. 3 ನಿಮಿಷಗಳ ಆಟದಲ್ಲಿ ಇವೆರಡರ ಹದವನ್ನರಿಯುವುದೇ ಜಾಣ್ಮೆ.

ಮೂರನೆಯದಾದ ತಡೆಯೇ ಮುಖ್ಯವಾದುದು. ಹೆಚ್ಚಾಗಿ ಮರೆಯಲ್ಪಡುವುದೂ ಅದೇ. ವಿದ್ಯುತ್ತು ನಿಂತೊಡನೆ ಮೋಟಾರು ಸಡಿಲವಾಗುವುದು, ಹಗ್ಗವು ಬಿಚ್ಚಿಕೊಳ್ಳುವುದು, ತಿಂಗಳುಗಟ್ಟಲೆಯ ಶ್ರಮವು ಕ್ಷಣಮಾತ್ರದಲ್ಲಿ ನೆಲಕ್ಕಪ್ಪಳಿಸುವುದು. ಕೆಳಗೆ ಯಾರ ಕೈಯಾದರೂ ಇದ್ದರೆ ಅನರ್ಥವು ಇನ್ನೂ ಘೋರ. ಇದಕ್ಕೆ ಪರಿಹಾರವು ಮಗ್ಗದ ಮನೆಯಲ್ಲಿಯೇ ಇದೆ. ಇಳಕಲ್ಲಿನ ನೇಕಾರನು ನೇಯ್ದ ಸೀರೆಯನ್ನು ದಿಂಡಿಗೆ ಸುತ್ತುತ್ತ ಹೋಗುವಾಗ, ಆ ದಿಂಡು ಹಿಂದಕ್ಕೆ ತಿರುಗದಂತೆ ತಡೆಯನ್ನಿಟ್ಟಿರುವನು. ಇಲ್ಲವಾದರೆ ಹಾಸಿನ ಬಿಗಿಯೇ ಉಳಿಯದು. ಯಂತ್ರದ ಉರುಳೆಗೂ ಹಲ್ಲಿನ ಗಾಲಿಯೊಂದನ್ನು ಜೋಡಿಸಿ, ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡದ ನಾಲಗೆಯೊಂದನ್ನು ಅದರ ಮೇಲೆ ಬೀಳಿಸಿದರೆ, ವಿದ್ಯುತ್ತಿಲ್ಲದೆಯೂ ಭಾರವು ನಿಲ್ಲುವುದು.

ಆದುದರಿಂದ ರಚನೆಯ ಕ್ರಮವನ್ನು ತಿರುಗಿಸುವುದು ಯುಕ್ತ. ಮೊದಲು ತಡೆಯನ್ನು ಮಾಡಿ, ಯಂತ್ರದ ತೂಕಕ್ಕಿಂತ ಹೆಚ್ಚಾದ ಮರಳಿನ ಚೀಲವನ್ನು ಅದಕ್ಕೆ ತೂಗಬಿಟ್ಟು ಪರೀಕ್ಷಿಸಬೇಕು. ಅನಂತರ ಏರುವಿಕೆಯ ನಡುವೆ ಬೇಕೆಂದೇ ವಿದ್ಯುತ್ತನ್ನು ಕಡಿದು ನೋಡಬೇಕು. ಆಗ ಒಂದು ಹಲ್ಲಿಗಿಂತ ಹೆಚ್ಚು ಜಾರಿದರೆ ವೇಗದ ಮಾತನ್ನು ಬದಿಗಿಟ್ಟು ತಡೆಯನ್ನೇ ತಿದ್ದಬೇಕು.

ತರುಣರು ಗೆಲ್ಲಲಿ. ಗೆಲ್ಲುವ ಆತುರದಲ್ಲಿ ಹಲ್ಲಿನ ಗಾಲಿಯನ್ನು ಮಾತ್ರ ಮರೆಯದಿರಲಿ.