ಬೆಳಗಿನ ಜಾವದ ಕನಸು

ಬೆಳಗಿನ ಜಾವದಲ್ಲಿ ಕಂಡ ಕನಸು ಸುಳ್ಳಾಗುವುದಿಲ್ಲವೆಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ನಾಡಿನಲ್ಲಿ ವಿರಳ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಸೀಮೆಯಲ್ಲಿ ಬೆಳೆದ ನನಗೆ ಆ ಮಾತು ಅವ್ವನ ಬಾಯಿಂದ ಬಂದದ್ದು. ಯಾರಾದರೂ ಸತ್ತಂತೆ ಕನಸಾದರೆ ಅವರಿಗೆ ಆಯುಸ್ಸು ಹೆಚ್ಚು. ಮದುವೆಯ ಸಂಭ್ರಮ ಕಂಡರೆ ಅಶುಭ. ಹಲ್ಲು ಉದುರಿದಂತೆ ಕಂಡರೆ ಹತ್ತಿರದವರ ಸಾವು. ಈ ಲೆಕ್ಕವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ನಾವು ಹುಡುಗರು ನಗುತ್ತಿದ್ದೆವು.

ಆ ನಗು ಒಂದು ಮಾಗಿಯಲ್ಲಿ ನಿಂತುಹೋಯಿತು. ಅಪ್ಪ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಒಂದು ಮುಂಜಾನೆ ಅವ್ವ ಹೊಸ್ತಿಲ ಮೇಲೆ ಕುಳಿತು, ದವಡೆಯ ಹಲ್ಲೊಂದು ಅಂಗೈಗೆ ಬಿದ್ದಂತೆ ಕನಸಾಯಿತೆಂದು ಅತ್ತಳು. ಐದನೆಯ ದಿನ ಅಪ್ಪ ತೀರಿಕೊಂಡರು. ಅಂದಿನಿಂದ ಅವ್ವ ಮೂರು ಗಂಟೆಗೇ ಏಳತೊಡಗಿದಳು. ಅಂಗಳ ಗುಡಿಸಿ, ನೀರು ಚಿಮುಕಿಸಿ, ಒಲೆ ಹಚ್ಚಿ ಬೆಳಕಿಗಾಗಿ ಕಾಯುವಳು. ಒಂಟಿಯಾದವಳು ಕೆಲಸದಲ್ಲಿ ದುಃಖ ಮರೆಯುತ್ತಿದ್ದಾಳೆಂದು ನಾವು ತಿಳಿದೆವು. ಬೆಳಗಿನ ಜಾವದಲ್ಲಿ ಮಲಗಿದ್ದರೆ ಮತ್ತೇನನ್ನು ಕಾಣಬೇಕಾದೀತೋ ಎಂಬ ಭಯದಿಂದ ಅವಳು ಏಳುತ್ತಿದ್ದಳೆಂಬುದು ತಿಳಿದದ್ದು ಹಲವು ವರ್ಷಗಳ ಮೇಲೆ. ಕನಸಿನ ವಿಚಾರ ನನಗೆ ಕೇವಲ ಪುಸ್ತಕದ ವಿಷಯವಾಗಿ ಉಳಿಯದಿರುವುದಕ್ಕೆ ಇದೇ ಕಾರಣ.

ನಮ್ಮ ಪೂರ್ವಿಕರು ಇರುಳನ್ನು ನಾಲ್ಕು ಜಾವಗಳಾಗಿ ಭಾಗಿಸಿದರು. ಪುರಾಣಗಳ ಸ್ವಪ್ನಾಧ್ಯಾಯಗಳಲ್ಲಿ ಮೊದಲ ಜಾವದ ಕನಸಿಗೆ ಫಲ ಬಹಳ ತಡ. ಜಾವ ಕಳೆದಂತೆ ಆ ಅವಧಿ ಕುಗ್ಗುತ್ತದೆ. ಅರುಣೋದಯದ ಕನಸಿಗೆ ಕೆಲವೇ ದಿನಗಳು ಸಾಕು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗೆ ಎರಡು ಬೇರೆಬೇರೆ ಸಂಗತಿಗಳಿವೆ: ಒಂದು, ಬೆಳಗಿನ ಜಾವದ ಕನಸಿಗೆ ವಿಶೇಷವಾದ ಬಲವಿದೆಯೆಂಬ ಅವಲೋಕನ, ಇನ್ನೊಂದು, ಆ ಬಲ ಭವಿಷ್ಯವನ್ನು ಹೇಳುವ ಬಲವೆಂಬ ವ್ಯಾಖ್ಯಾನ. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂಬುದನ್ನು ತಿಳಿಯಲು ಮನುಷ್ಯ 1953ರವರೆಗೆ ಕಾಯಬೇಕಾಯಿತು.

ಆ ವರ್ಷ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಎಂಬ ಸಂಶೋಧನ ವಿದ್ಯಾರ್ಥಿಯೂ ಅವನ ಗುರು ನಥಾನಿಯಲ್ ಕ್ಲೈಟ್‌ಮನ್ನರೂ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು. ಅಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನ ಕಣ್ಣುಗಳ ಬಳಿ ತಂತಿಗಳನ್ನು ಅಂಟಿಸಿ ಮಲಗಿಸಿದ್ದ. ನಿದ್ರೆಯೆಂದರೆ ಮಿದುಳು ಆರಿದ ಒಲೆಯಂತಾಗುವ ಸ್ಥಿತಿಯೆಂದು ಆಗ ವಿದ್ವಾಂಸರೂ ನಂಬಿದ್ದ ಕಾಲ. ಆದರೆ ಹುಡುಗ ಗಾಢವಾಗಿ ಮಲಗಿದ್ದಾಗಲೇ ಯಂತ್ರದ ಲೇಖನಿಗಳು ಎಚ್ಚರದಲ್ಲಿದ್ದವನಂತೆ ಗೀಚತೊಡಗಿದವು. ಯಂತ್ರ ಕೆಟ್ಟಿರಬೇಕೆಂದೇ ಅವನಿಗೆ ಮೊದಲು ಅನಿಸಿತು. ಯಂತ್ರ ಸರಿಯಾಗಿತ್ತು; ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಅತ್ತಿತ್ತ ಚಲಿಸುತ್ತಿದ್ದವು. ಕ್ಲೈಟ್‌ಮನ್ನರ ಇನ್ನೊಬ್ಬ ಶಿಷ್ಯ ವಿಲಿಯಂ ಡಿಮೆಂಟ್ 1957ರಲ್ಲಿ ಗುರುವಿನೊಡನೆ ಪ್ರಕಟಿಸಿದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಈ ಕಣ್ಚಲನೆಯ ವೇಳೆಯಲ್ಲಿ 191 ಬಾರಿ ಎಬ್ಬಿಸಿ ಕೇಳಿದಾಗ 152 ಬಾರಿ ಮಲಗಿದ್ದವರು ಕನಸನ್ನು ವರ್ಣಿಸಿದರು. ಉಳಿದ ವೇಳೆಯಲ್ಲಿ 160 ಬಾರಿ ಎಬ್ಬಿಸಿದಾಗ ಕನಸು ಹೇಳಿದ್ದು 11 ಬಾರಿ ಮಾತ್ರ. ಉಳಿದ ನಿದ್ರೆಯಲ್ಲಿಯೂ ಮನಸ್ಸು ಪೂರ್ತಿ ಬರಿದಾಗಿರುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಆದರೂ ಕಥೆಯಂತೆ ಹರಿಯುವ, ಕಣ್ಣಿಗೆ ಕಟ್ಟುವ ಕನಸುಗಳ ಮುಖ್ಯ ತವರು ಕಣ್ಚಲನೆಯ ನಿದ್ರೆಯೇ.

ಇನ್ನು ಜಾವದ ಮಾತಿಗೆ ಬರೋಣ. ನಮ್ಮ ನಿದ್ರೆ ಒಂದೇ ಸಮನಾದ ಕತ್ತಲೆಯಲ್ಲ. ಸುಮಾರು 90 ನಿಮಿಷಕ್ಕೊಮ್ಮೆ ಅದು ಆಳಕ್ಕಿಳಿದು ಮತ್ತೆ ಮೇಲಕ್ಕೆ ಬರುತ್ತದೆ. ಒಂದು ಇರುಳಿಗೆ ಇಂತಹ ನಾಲ್ಕೈದು ಸುತ್ತುಗಳು. ಮೊದಲ ಸುತ್ತುಗಳಲ್ಲಿ ಗಾಢನಿದ್ರೆಯದೇ ದೊಡ್ಡ ಪಾಲು. ಕಣ್ಚಲನೆಯ ನಿದ್ರೆ ಕೆಲವೇ ನಿಮಿಷ ಇಣುಕಿ ಹೋಗುತ್ತದೆ. ಇರುಳು ಸವೆದಂತೆ ಗಾಢನಿದ್ರೆ ಕರಗಿ, ಕೊನೆಯ ಸುತ್ತಿನಲ್ಲಿ ಕಣ್ಚಲನೆಯ ನಿದ್ರೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಒಂಬತ್ತು ಗಂಟೆಗೆ ದೀಪವಾರಿಸಿ ಮಲಗುವ ಹಳ್ಳಿಯವರಿಗೆ ಈ ದೀರ್ಘ ಕನಸಿನ ವೇಳೆ ಬರುವುದು ಸರಿಯಾಗಿ ಬೆಳಗಿನ ಜಾವದಲ್ಲಿ. ಕನಸು ಕಾಣುತ್ತಿರುವಾಗ ಅಥವಾ ಅದು ಮುಗಿದೊಡನೆ ಎಚ್ಚರವಾದರೆ ಮಾತ್ರ ಅದು ನೆನಪಿನಲ್ಲಿ ನಿಲ್ಲುವುದು; ಇಲ್ಲವಾದರೆ ನೀರ ಮೇಲಣ ಗೆರೆಯಂತೆ ಅಳಿಸಿಹೋಗುತ್ತದೆ. ಬೆಳಗಿನ ಕನಸು ಮುಗಿಯುವುದಕ್ಕೂ ನಾವು ಏಳುವುದಕ್ಕೂ ನಡುವೆ ಅಂತರವಿಲ್ಲ. ಆದುದರಿಂದ ಅದು ಉದ್ದವಾದುದು, ಸ್ಪಷ್ಟವಾದುದು, ನೆನಪಿನಲ್ಲಿ ಉಳಿಯುವಂಥದು. ನೆನಪಿನಲ್ಲಿ ಉಳಿದ ಕನಸಷ್ಟೇ ನಿಜವಾಗಬಲ್ಲದು. ಮರೆತ ಕನಸು ಫಲಿಸಿದರೂ ಸಾಕ್ಷಿ ಹೇಳುವವರಾರು? ಫಲಿಸದೆಹೋದ ನೂರು ಕನಸುಗಳನ್ನು ನಾವು ಲೆಕ್ಕವಿಡುವುದಿಲ್ಲ. ಫಲಿಸಿದ ಒಂದನ್ನು ಮೊಮ್ಮಕ್ಕಳಿಗೂ ಹೇಳುತ್ತೇವೆ.

ಇದೇ ಬಗೆಯ ಇನ್ನೊಂದು ನಂಬಿಕೆಯನ್ನೂ ನೋಡಬಹುದು. ಎಚ್ಚರವಾಗಿದೆ, ಕಣ್ಣು ತೆರೆದಿದೆ, ಆದರೆ ಕೈಕಾಲು ಆಡುವುದಿಲ್ಲ. ಎದೆಯ ಮೇಲೆ ಯಾರೋ ಕುಳಿತಂತೆ ಉಸಿರು ಕಟ್ಟುತ್ತದೆ. ದೆವ್ವ ಅಮುಕಿತೆಂದು ನಮ್ಮ ಕಡೆ ಹೇಳುತ್ತಾರೆ. ತಲೆದಿಂಬಿನ ಕೆಳಗೆ ಕಬ್ಬಿಣವಿಟ್ಟು ಮಲಗುತ್ತಾರೆ. ಕನಸಿನ ನಿದ್ರೆಯಲ್ಲಿ ಮಿದುಳು ಕಣ್ಣು, ಉಸಿರಾಟಗಳ ಹೊರತು ಮೈಯ ಸ್ನಾಯುಗಳನ್ನೆಲ್ಲ ಕಟ್ಟಿಹಾಕುತ್ತದೆಂಬುದನ್ನು ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಜೂವೆ ಬೆಕ್ಕುಗಳಲ್ಲಿ ತೋರಿಸಿಕೊಟ್ಟರು. ಆ ಕಟ್ಟು ಇರದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೂ ಎದ್ದು ಓಡುತ್ತಿದ್ದ. ಮನಸ್ಸು ಎಚ್ಚೆತ್ತು ಕಟ್ಟು ಇನ್ನೂ ಬಿಚ್ಚದಿದ್ದ ಒಂದೆರಡು ನಿಮಿಷವೇ ಆ ದೆವ್ವ. ಅನುಭವಿಸಿದವನು ಸುಳ್ಳು ಹೇಳುತ್ತಿಲ್ಲ; ಅನುಭವಕ್ಕೆ ಅವನಿಗೆ ಸಿಕ್ಕ ಹೆಸರು ಮಾತ್ರ ಬೇರೆ.

ಹಾಗೆಂದು ನಿದ್ರೆಯಲ್ಲಿ ಮನಸ್ಸು ಹೊರಗಿನ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆಂದು ತಿಳಿಯಬಾರದು. ಚಿತ್ರದುರ್ಗದ ಕೋಟೆಯಲ್ಲಿ ಕಾವಲಿನ ಗಂಡ ಊಟಕ್ಕೆ ಕುಳಿತಾಗ ಓಬವ್ವ ಕಿಂಡಿಯ ಸದ್ದಿಗೆ ಕಿವಿಗೊಟ್ಟ ಕಥೆ ನಮಗೆಲ್ಲ ಗೊತ್ತು. ನಿದ್ರಿಸುವ ಮಿದುಳೂ ಅಂತಹ ಒಂದು ಕಾವಲನ್ನು ಇರಿಸಿಕೊಂಡಿರುತ್ತದೆ. ಚಿಕ್ಕಜಾಜೂರು ಜಂಕ್ಷನ್ನಿನ ಹತ್ತಿರ ವಾಸಿಸುವವರಿಗೆ ರೈಲಿನ ಕೂಗು ನಿದ್ರಾಭಂಗ ಮಾಡದು. ತೊಟ್ಟಿಲ ಮಗು ಮಿಸುಕಿದರೆ ತಾಯಿ ಏಳುತ್ತಾಳೆ. ಅಡಿಕೆ ತೋಟಕ್ಕೆ ನೀರು ಹಾಯಿಸಲು ರಾತ್ರಿ ಪಾಳಿಯ ಕರೆಂಟಿಗೆ ಕಾದು ಮಲಗಿದ ರೈತ, ಪಂಪಿನ ಸ್ಟಾರ್ಟರು ಸದ್ದು ಮಾಡಿದೊಡನೆ ಟಾರ್ಚು ಹಿಡಿದಿರುತ್ತಾನೆ. ಮಲಗಿದವರಿಗೆ ಹೆಸರುಗಳ ಸಾಲನ್ನು ಕೇಳಿಸಿದಾಗ ಸ್ವಂತ ಹೆಸರಿಗೆ ಮಿದುಳಿನ ಅಲೆಗಳು ಹೆಚ್ಚು ಪ್ರತಿಕ್ರಿಯಿಸುತ್ತವೆಂದು ಇಂಗ್ಲೆಂಡಿನಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ಸಂಗಡಿಗರು 1960ರಲ್ಲಿ ಕಂಡುಕೊಂಡರು. ಅಂದಮೇಲೆ, ಎರಡು ತಿಂಗಳು ರೋಗಿಯ ಮಗ್ಗುಲಲ್ಲಿ ಒಂದು ಕಿವಿ ತೆರೆದೇ ಮಲಗಿದ ನನ್ನ ಅವ್ವನ ನಿದ್ರೆ ಎಂಥದಿದ್ದಿರಬೇಕು! ಪ್ರತಿ ಕೆಮ್ಮಿಗೂ ಅವಳಿಗೆ ಎಚ್ಚರ. ಪ್ರತಿ ಎಚ್ಚರದಲ್ಲಿಯೂ ಕನಸಿನ ಒಂದು ತುಣುಕು ನೆನಪಿಗೆ ಸಿಕ್ಕುವ ಅವಕಾಶ. ಹಗಲೆಲ್ಲ ಬಾಯಿ ಬಿಟ್ಟು ಹೇಳಲಾರದ ಭಯ ಇರುಳಿನಲ್ಲಿ, ಅವಳು ಬಾಲ್ಯದಿಂದ ಕಲಿತ ಸಂಕೇತವನ್ನೇ ತೊಟ್ಟು ಬಂದಿತು. ಕನಸು ಸಾವನ್ನು ತರಲಿಲ್ಲ. ಸಮೀಪಿಸುತ್ತಿದ್ದ ಸಾವಿನ ಅರಿವೇ ಕನಸನ್ನು ತಂದಿತು.

ಕನಸನ್ನು ತಪ್ಪಿಸಿಕೊಳ್ಳಲು ಏಳುವ ಉಪಾಯವೂ ಫಲಿಸುವಂಥದಲ್ಲ. ಕಣ್ಚಲನೆ ಮೊದಲಾದೊಡನೆ ಎಬ್ಬಿಸುತ್ತ ಹೋದರೆ ಮಲಗಿದವರು ಆ ನಿದ್ರೆಗೆ ಮತ್ತೆ ಮತ್ತೆ ಮರಳಲೆಳಸುತ್ತಾರೆ, ಬಿಟ್ಟಾಗ ಬಾಕಿಯನ್ನು ತೀರಿಸಿಕೊಳ್ಳುತ್ತಾರೆ ಎಂದು ಡಿಮೆಂಟ್ 1960ರಲ್ಲಿ ತೋರಿಸಿದರು. ಅವ್ವ ಮಧ್ಯಾಹ್ನ ಗೋಡೆಗೊರಗಿ ತೂಕಡಿಸುವಾಗ ಬೆಚ್ಚಿ ಏಳುತ್ತಿದ್ದುದು ನನಗೆ ನೆನಪಿದೆ. ಸಾಲಗಾರ ಹಿತ್ತಿಲ ಬಾಗಿಲಿನಿಂದ ಬಂದಿದ್ದ.

ಇಲ್ಲಿಯವರೆಗೆ ಹೇಳಿದ್ದು ಕನಸಿನ ಯಂತ್ರವಿಧಾನ. ಕನಸನ್ನು ಕಂಡವರು ಯಾರು ಎಂಬ ಪ್ರಶ್ನೆ ಅದಕ್ಕಿಂತ ಹಳೆಯದು. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡಿತು. ನಮ್ಮ ನಾಡಿನಲ್ಲಿ ಕೆ. ಎ. ಕೃಷ್ಣಸ್ವಾಮಿ ಅಯ್ಯರ್ 1930ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥದಲ್ಲಿಯೂ, ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಕನ್ನಡದಲ್ಲಿಯೂ ಈ ಅವಸ್ಥಾತ್ರಯ ವಿಚಾರವನ್ನು ಬೆಳೆಸಿದರು. ಎಚ್ಚರದಲ್ಲಿ ಕುಳಿತು ನಿದ್ರೆ ಕನಸುಗಳಿಗೆ ತೀರ್ಪು ಕೊಡುವುದು ಒಬ್ಬ ಕಕ್ಷಿಗಾರನೇ ನ್ಯಾಯಾಧೀಶನಾದಂತೆ ಎಂಬುದು ಆ ವಿಚಾರದಿಂದ ನಾನು ಕಲಿತ ಎಚ್ಚರಿಕೆ. ಉಪನಿಷತ್ತಿನ ಸುಷುಪ್ತಿಯೇ ಪ್ರಯೋಗಶಾಲೆಯ ಗಾಢನಿದ್ರೆಯೆಂದು ಸಮೀಕರಿಸುವ ಆತುರ ಬೇಡ. ಎರಡೂ ಕೇಳುವ ಪ್ರಶ್ನೆಗಳು ಬೇರೆ. ಆದರೆ ಬದುಕಿನ ಮೂರರಲ್ಲೊಂದು ಪಾಲು ಕಸವಲ್ಲ, ಕಾಳು ಎಂಬುದರಲ್ಲಿ ಇಬ್ಬರದೂ ಒಮ್ಮತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಧ್ಯಾನಾಭ್ಯಾಸಿಗಳ ನಿದ್ರೆಯನ್ನು ಅಳೆದು, ನಡುವಯಸ್ಸಿನಲ್ಲಿ ಸಾಮಾನ್ಯವಾಗಿ ಕುಗ್ಗುವ ಗಾಢನಿದ್ರೆ ಅವರಲ್ಲಿ ಹೆಚ್ಚು ಉಳಿದಿತ್ತೆಂದು 2006ರಲ್ಲಿ ವರದಿ ಮಾಡಿದರು. ಒಂದು ಅಧ್ಯಯನದಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಎರಡು ಹಾದಿಗಳು ಒಂದು ಊರಿನ ಬಳಿ ಸಂಧಿಸಿದವೆಂಬುದು ಸಂತೋಷದ ಸಂಗತಿ.

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಸಂಜೆ, ಅವ್ವ ತನ್ನ ಭಯವನ್ನು ಮೊದಲ ಬಾರಿಗೆ ನನ್ನೆದುರು ಆಡಿದಾಗ, ನನಗೆ ತಿಳಿದಷ್ಟನ್ನು ಹೇಳಿದೆ. ಬೆಳಗಿನ ಜಾವ ಎಲ್ಲರಿಗೂ ಕನಸಿನ ಹೊತ್ತೆಂದೆ. ಅಪ್ಪನ ಕಾಯಿಲೆಯೇ ಅವಳ ಕನಸಾಯಿತೆಂದೆ. ಅವಳು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತಿದ್ದು, ಕೊನೆಗೆ ಕೇಳಿದಳು: “ಹಂಗಾರೆ, ನಾನು ಕಂಡಿದ್ದಕ್ಕೆ ಆಗಿದ್ದಲ್ಲ ಅಂತೀಯೇನಪ್ಪಾ?”

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಅವಳು ಕನಸಿಗೆ ಹೆದರುತ್ತಿದ್ದಳೆಂದಷ್ಟೇ ನಾನು ತಿಳಿದಿದ್ದೆ. ಅಪ್ಪನ ಸಾವಿಗೆ ತನ್ನ ಕನಸೇ ಕಾರಣವೆಂಬ ಭಾರವನ್ನು ಹೊತ್ತಿದ್ದಳೆಂಬುದು ಹೊಳೆದಿರಲಿಲ್ಲ. “ಅಲ್ಲವ್ವ, ಖಂಡಿತ ಅಲ್ಲ” ಎಂದೆ.

ಅವ್ವ ಮೂರು ಗಂಟೆಗೆ ಏಳುವುದನ್ನು ಬಿಡಲಿಲ್ಲ. ಅಷ್ಟು ವರ್ಷಗಳ ಅಭ್ಯಾಸ ಒಂದು ಮಾತಿಗೆ ಕರಗುವಂಥದಲ್ಲ. ಆದರೆ ಕಂಡ ಕನಸನ್ನು ಬೆಳಿಗ್ಗೆ ಹೇಳತೊಡಗಿದಳು. ಅಪ್ಪ ತೋಟದಲ್ಲಿ ನೀರು ಕಟ್ಟುತ್ತಿದ್ದರೆಂದು ಒಮ್ಮೆ ನಗುತ್ತ ಹೇಳಿದಳು.

ನಿಮ್ಮ ಮನೆಯಲ್ಲಿಯೂ ಯಾರಾದರೂ ಬೆಳಗಿನ ಜಾವದ ಕನಸನ್ನು ಅಳುಕುತ್ತ ಹೇಳಿದರೆ ದಯಮಾಡಿ ನಗಬೇಡಿ. ಶಕುನದ ಫಲವನ್ನು ಹುಡುಕಲೂ ಹೋಗಬೇಡಿ. ಕುಳಿತು ಪೂರ್ತಿ ಕೇಳಿ. ಹಗಲಿನಲ್ಲಿ ಹೇಳಲಾಗದ ಮಾತೊಂದು ಅಲ್ಲಿ ಬಾಯಿ ತೆರೆದಿರಬಹುದು.